ಕೈಬದಲಾದ ದೊಡ್ಡ ಕಾರುಗಳು: ಕಾಫಿ ಸೀಮೆಯ ಒಂದು ವಾಹನ ಚರಿತ್ರೆ

ಆಲೂರು ತಾಲ್ಲೂಕಿನ ಕೆಂಚಮ್ಮನ ಹೊಸಕೋಟೆ ಹೋಬಳಿ, ಅಂದರೆ ಸರ್ಕಾರಿ ಕಾಗದಗಳಲ್ಲಿ ಕೆ. ಹೊಸಕೋಟೆ ಎಂದು ಕಾಣುವ ಸೀಮೆ, ಮತ್ತು ಅದರಾಚೆಗೆ ಸಕಲೇಶಪುರದವರೆಗೂ ಹಬ್ಬಿರುವ ಬೆಟ್ಟಸಾಲು ಕಾಫಿ, ಕಾಳುಮೆಣಸು, ಏಲಕ್ಕಿ ಮತ್ತು ಭತ್ತದ ಗದ್ದೆಗಳ ನಾಡು. ಇಲ್ಲಿ ಮನೆಗೂ ಮನೆಗೂ ನಡುವೆ ತೋಟವಿರುತ್ತದೆ, ಊರಿಗೂ ಊರಿಗೂ ನಡುವೆ ಏರಿಳಿತದ ದಾರಿಯಿರುತ್ತದೆ, ಬೆಳೆಯ ಹಣ ವರ್ಷಕ್ಕೊಮ್ಮೆ ಮಾತ್ರ ಕೈಸೇರುತ್ತದೆ. ಆದುದರಿಂದ ದೊಡ್ಡ ತೋಟಗಳಿಗೆ ಕಾರು ಬೇಗನೆ ಅಗತ್ಯವಾಯಿತು, ಮತ್ತು ಒಮ್ಮೆ ಬಂದ ಒಳ್ಳೆಯ ಕಾರು ಗುಜರಿಗೆ ಹೋಗದೆ ಒಬ್ಬರಿಂದೊಬ್ಬರಿಗೆ ಕೈಬದಲಾಗುತ್ತ ದಶಕಗಟ್ಟಲೆ ಓಡಿತು. ಈ ಸೀಮೆಯ ವಾಹನ ಚರಿತ್ರೆಯನ್ನು ಹೊಸ ಕಾರುಗಳ ಮಾರಾಟದಿಂದ ಅಳೆಯುವುದಕ್ಕಿಂತ ಹಳೆಯ ಕಾರುಗಳ ಖರೀದಿಯಿಂದ ಓದುವುದೇ ಸರಿಯಾದ ಕ್ರಮ. ಏಕೆಂದರೆ ಕಾರಿನ ವಯಸ್ಸಿಗಿಂತ ಅದನ್ನು ನೋಡಿಕೊಂಡ ರೀತಿಗೆ ಬೆಲೆ ಕಟ್ಟುವ ಒಂದು ವಿವೇಕವು ಇಲ್ಲಿಯ ಮಳೆ, ದಾರಿ ಮತ್ತು ಕಾಫಿ ಧಾರಣೆಗಳ ಒತ್ತಡದಲ್ಲಿ ರೂಪುಗೊಂಡಿತು.

ದೂರಪ್ರಯಾಣದ ಐಷಾರಾಮಿ ಕಾರಿಗೆ ಅದರದೇ ಆದ ಒಂದು ವಂಶವಿದೆ. 17 ಮತ್ತು 18ನೆಯ ಶತಮಾನಗಳಲ್ಲಿ ಇಂಗ್ಲೆಂಡಿನ ಶ್ರೀಮಂತ ಮನೆತನಗಳ ತರುಣರು ವಿದ್ಯಾಭ್ಯಾಸದ ಕೊನೆಯಲ್ಲಿ ಫ್ರಾನ್ಸ್ ಮಾರ್ಗವಾಗಿ ಇಟಲಿಗೆ ಕೈಗೊಳ್ಳುತ್ತಿದ್ದ ದೀರ್ಘ ಪ್ರವಾಸವನ್ನು ಗ್ರ್ಯಾಂಡ್ ಟೂರ್ ಎನ್ನುತ್ತಿದ್ದರು. 20ನೆಯ ಶತಮಾನದಲ್ಲಿ ಇಟಲಿಯ ತಯಾರಕರು ಅದನ್ನೇ ಗ್ರಾನ್ ಟುರಿಸ್ಮೊ ಎಂದು ತಮ್ಮ ಕಾರುಗಳಿಗೆ ಇಟ್ಟುಕೊಂಡರು. ಪಂದ್ಯದ ಕಾರಿನ ವೇಗವನ್ನೂ ದಿವಾನಖಾನೆಯ ಸುಖವನ್ನೂ ಒಂದೇ ಮೈಯಲ್ಲಿ ಕೂಡಿಸಿ, ಇಬ್ಬರು ಮೂವರು ತಮ್ಮ ಪೆಟ್ಟಿಗೆಗಳ ಸಮೇತ ಒಂದೇ ದಿನದಲ್ಲಿ ನೂರಾರು ಕಿಲೋಮೀಟರು ದಣಿವಿಲ್ಲದೆ ಕ್ರಮಿಸುವಂತೆ ಮಾಡುವುದು ಈ ವರ್ಗದ ಗುರಿ. 1951ರ ಲಾನ್ಚಿಯಾ ಔರೇಲಿಯಾ ಬಿ20 ಮತ್ತು 1952ರ ಬೆಂಟ್ಲಿ ಆರ್-ಟೈಪ್ ಕಾಂಟಿನೆಂಟಲ್ ಇದರ ಮಾದರಿಗಳೆಂದು ಪ್ರಸಿದ್ಧವಾಗಿವೆ. ಕಟ್ಟುನಿಟ್ಟಾದ ಅರ್ಥದಲ್ಲಿ ಎರಡು ಬಾಗಿಲಿನ ಇಂಥ ಕಾರುಗಳು ಭಾರತಕ್ಕೆ ಬಂದದ್ದು ತೀರ ಕಡಿಮೆ. ಬೆಂಗಳೂರಿನಿಂದ ಹಾಸನ, ಸಕಲೇಶಪುರ, ಶಿರಾಡಿ ಘಾಟಿಯ ಮೂಲಕ ಮಂಗಳೂರಿಗೆ ಇಳಿಯುವ ಸುಮಾರು 350 ಕಿಲೋಮೀಟರಿನ ದಾರಿಯಲ್ಲಿ ಅವುಗಳ ಕೆಲಸವನ್ನು ನಾಲ್ಕು ಬಾಗಿಲಿನ ದೊಡ್ಡ ಸಲೂನ್‌ಗಳೇ, ಮೊದಲು ಅಮೆರಿಕದವೂ ಆಮೇಲೆ ಜರ್ಮನಿಯವೂ, ನಿರ್ವಹಿಸಿದವು.

ಮಂಜರಾಬಾದ್ ಎಂದು ಹಿಂದೆ ಹೆಸರಾಗಿದ್ದ ಈ ಸೀಮೆಯಲ್ಲಿ ಯುರೋಪಿಯನ್ನರ ಕಾಫಿ ಬೇಸಾಯವು 1843ರಲ್ಲಿ ಫ್ರೆಡರಿಕ್ ಗ್ರೀನ್ ಎಂಬವನಿಂದ ಆರಂಭವಾಯಿತು. ಮುಂದಿನ ಅರ್ಧ ಶತಮಾನದಲ್ಲಿ ತೋಟಗಳು, ಬಂಗಲೆಗಳು ಮತ್ತು ಸಕಲೇಶಪುರದ ಮಂಜರಾಬಾದ್ ಕ್ಲಬ್ಬು ಹುಟ್ಟಿಕೊಂಡು, ವಾರಕ್ಕೊಮ್ಮೆ ಪೇಟೆಗೆ ಬಂದು ಹೋಗುವ ಒಂದು ಪದ್ಧತಿ ನೆಲೆಗೊಂಡಿತು. ಕುದುರೆ ಮತ್ತು ಗಾಡಿಗಳ ಜಾಗವನ್ನು ಕಾರು ಹಿಡಿದಾಗ ಅದು ಈ ಸಿದ್ಧ ಪದ್ಧತಿಯೊಳಕ್ಕೆ ಸಲೀಸಾಗಿ ಸೇರಿಕೊಂಡಿತು. ಜನರಲ್ ಮೋಟರ್ಸ್ ಕಂಪನಿಯು 1928ರಲ್ಲಿ ಮುಂಬಯಿಯ ಶಿವಡಿಯಲ್ಲಿ ಬಿಡಿಭಾಗಗಳನ್ನು ಜೋಡಿಸುವ ಕಾರ್ಖಾನೆ ತೆರೆದ ಮೇಲೆ ಷೆವ್ರೊಲೆ, ಬ್ಯೂಕ್ ಮೊದಲಾದ ಅಮೆರಿಕನ್ ಕಾರುಗಳು ಸುಲಭವಾಗಿ ದೊರೆಯತೊಡಗಿದವು. ಆಳುವವರು ಇಂಗ್ಲಿಷರಾಗಿದ್ದರೂ ಮಣ್ಣುದಾರಿಯ ಸೀಮೆಗಳಲ್ಲಿ ಅಮೆರಿಕನ್ ಕಾರಿಗೆ ಒಲವು ಹೆಚ್ಚಿದ್ದಕ್ಕೆ ಕಾರಣ ಸರಳವಾದದ್ದು: ನೆಲದಿಂದ ಎತ್ತರವಾಗಿ ನಿಲ್ಲುವ ಮೈ, ಗೇರು ಪದೇಪದೇ ಬದಲಿಸದೆ ಏರು ಹತ್ತಿಸುವ ದೊಡ್ಡ ಎಂಜಿನ್, ಹಳ್ಳದಿಣ್ಣೆಗಳನ್ನು ತಾಳಿಕೊಳ್ಳುವ ಗಟ್ಟಿ ಪಟ್ಟಿಗಳು.

ಎರಡನೆಯ ಮಹಾಯುದ್ಧವು ಹಳೆಯ ಕಾರಿನ ಅರ್ಥವನ್ನೇ ಬದಲಿಸಿತು. 1942ರ ಫೆಬ್ರವರಿಯಲ್ಲಿ ಅಮೆರಿಕವು ನಾಗರಿಕ ಬಳಕೆಯ ಕಾರುಗಳ ತಯಾರಿಕೆಯನ್ನು ನಿಲ್ಲಿಸಿತು, ಇಲ್ಲಿ ಪೆಟ್ರೋಲು ಪಡಿತರವಾಯಿತು, ಇದ್ದಿಲಿನ ಅನಿಲದಿಂದ ಬಸ್ಸು ಓಡಿಸುವ ಕಾಲ ಬಂತು. ಹೊಸದು ಸಿಗದಿದ್ದಾಗ ಇದ್ದುದನ್ನು ಉಳಿಸಿಕೊಳ್ಳುವುದೇ ಉಪಾಯವಾಯಿತು. ಯುದ್ಧ ಮುಗಿದಾಗ ಸೈನ್ಯದ ಹೆಚ್ಚುವರಿ ಜೀಪುಗಳು ಮಾರಾಟಕ್ಕೆ ಬಂದವು, ಅದಾದ ಸ್ವಲ್ಪ ಕಾಲಕ್ಕೆ ಮಹೀಂದ್ರ ಸಂಸ್ಥೆಯು ವಿಲ್ಲೀಸ್ ಜೀಪುಗಳನ್ನು ಭಾರತದಲ್ಲೇ ಜೋಡಿಸತೊಡಗಿತು; ಗೊಬ್ಬರ ಹೊರುವ, ಆಳುಗಳನ್ನು ಕರೆತರುವ, ಕೆಸರಿನಲ್ಲಿ ನುಗ್ಗುವ ಕೆಲಸವೆಲ್ಲ ಜೀಪಿನ ಪಾಲಾಗಿ, ದೊಡ್ಡ ಕಾರು ದೂರದ ಪ್ರಯಾಣಕ್ಕೂ ಮದುವೆ ಮುಂಜಿಗೂ ಮೀಸಲಾಯಿತು. ಮಲೆನಾಡಿನಲ್ಲಿ ಹಳೆಯ ಐಷಾರಾಮಿ ಕಾರುಗಳು ಬಹುಕಾಲ ಬಾಳಲು ಈ ಕೆಲಸದ ಹಂಚಿಕೆಯೇ ಮುಖ್ಯ ಕಾರಣವೆಂದು ಹೇಳಬೇಕು. ಸ್ವಾತಂತ್ರ್ಯದ ನಂತರದ ವರ್ಷಗಳಲ್ಲಿ ಯುರೋಪಿಯನ್ ಪ್ಲಾಂಟರುಗಳು ಒಬ್ಬೊಬ್ಬರಾಗಿ ತೋಟ ಮಾರಿ ಹೊರಟಾಗ, ಬಂಗಲೆಯ ಮೇಜು ಕುರ್ಚಿಗಳಂತೆ ಶೆಡ್ಡಿನಲ್ಲಿದ್ದ ಕಾರೂ ಹಲವೆಡೆ ಭಾರತೀಯ ಬೆಳೆಗಾರರ ಕೈಸೇರಿತು. ದೊರೆಯ ಕಾರು ಎಂಬ ಹೆಸರಿಗಿಂತ ಅದನ್ನು ನೋಡಿಕೊಂಡ ಡ್ರೈವರು ಕೂಡ ಅದೇ ತೋಟದಲ್ಲಿ ಉಳಿದುಕೊಂಡದ್ದು ಕೊಂಡವನಿಗೆ ಹೆಚ್ಚಿನ ಲಾಭ.

ಮುಂದಿನ ನಾಲ್ಕು ದಶಕಗಳು ಕೊರತೆಯ ಕಾಲ. 1953ರ ಸುಂಕ ಆಯೋಗದ ಶಿಫಾರಸಿನಂತೆ, ದೇಶದಲ್ಲೇ ತಯಾರಿಸುವ ಯೋಜನೆಯಿಲ್ಲದ ಕಂಪನಿಗಳಿಗೆ ಜಾಗವಿಲ್ಲವೆಂದಾದಾಗ ಫೋರ್ಡ್ ಮತ್ತು ಜನರಲ್ ಮೋಟರ್ಸ್ ಹಿಂದೆ ಸರಿದವು. ಉಳಿದದ್ದು ಹಿಂದುಸ್ತಾನ್ ಮೋಟರ್ಸ್‌ನ ಅಂಬಾಸಿಡರ್, ಪ್ರೀಮಿಯರ್ ಸಂಸ್ಥೆಯ ಫಿಯೆಟ್, ಮದರಾಸಿನ ಸ್ಟ್ಯಾಂಡರ್ಡ್. ಇವುಗಳಿಗೂ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಾಗಿತ್ತು. ಹಂಚಿಕೆಯ ಕಾರನ್ನು ಕೊಂಡವನು ಕೂಡಲೇ ಲಾಭಕ್ಕೆ ಮಾರದಂತೆ 1959ರ ಮೋಟಾರು ಕಾರು ಹಂಚಿಕೆ ಮತ್ತು ಮಾರಾಟ ನಿಯಂತ್ರಣ ಆದೇಶ ತಡೆಯೊಡ್ಡಿತ್ತು. ವಿದೇಶಿ ಐಷಾರಾಮಿ ಕಾರು ಬೇಕೆಂದವನಿಗೆ ಇದ್ದ ದಾರಿಗಳು ಎರಡು. ರಾಯಭಾರ ಕಚೇರಿಗಳವರು ಸುಂಕವಿಲ್ಲದೆ ತರಿಸಿ, ಬಳಸಿ, ಊರಿಗೆ ಮರಳುವಾಗ ಬಿಟ್ಟುಹೋಗುತ್ತಿದ್ದ ಕಾರುಗಳನ್ನು 1956ರಲ್ಲಿ ಸ್ಥಾಪನೆಯಾದ ರಾಜ್ಯ ವ್ಯಾಪಾರ ನಿಗಮವು, ಅಂದರೆ ಎಸ್‌ಟಿಸಿ ಎಂಬ ಕೇಂದ್ರ ಸರ್ಕಾರದ ಸಂಸ್ಥೆಯು, ತನ್ನ ವಶಕ್ಕೆ ಪಡೆದು ಹೆಚ್ಚು ಬೆಲೆ ಕೂಗಿದವರಿಗೆ ಮಾರುತ್ತಿತ್ತು. ಸಿನಿಮಾ ನಟರು, ಹೋಟೆಲು ಮಾಲೀಕರು, ಉದ್ಯಮಿಗಳು ಕೊಂಡ ಈ ಕಾರುಗಳು ಕೆಲವು ವರ್ಷಗಳ ಬಳಿಕ ಮತ್ತೆ ಮಾರಾಟವಾಗಿ ಸಣ್ಣ ಊರುಗಳತ್ತ ಇಳಿದುಬರುತ್ತಿದ್ದವು. ಇನ್ನೊಂದು ದಾರಿಯೆಂದರೆ, ಹೊರದೇಶದಲ್ಲಿ ದುಡಿದು ಮರಳುವವರು ತಾವು ಬಳಸಿದ ಕಾರನ್ನು ಸುಂಕ ತೆತ್ತು ಜೊತೆಗೆ ತರಲು ಅವಕಾಶವಿದ್ದ ವಾಸಸ್ಥಳ ವರ್ಗಾವಣೆಯ ನಿಯಮ. ಕೊಲ್ಲಿ ದೇಶಗಳ ನಂಟು ಗಟ್ಟಿಯಾಗಿದ್ದ ಕರಾವಳಿಗೆ ಘಟ್ಟದ ಮೇಲಿನವರ ವ್ಯವಹಾರ ಸದಾ ಇದ್ದುದರಿಂದ ಮರ್ಸಿಡಿಸ್‌ನ ಡಬ್ಲ್ಯು123 ಮಾದರಿಯಂಥ ಕಾರುಗಳ ಪರಿಚಯ ಈ ಸೀಮೆಗೆ ಹೊಸದಾಗಿರಲಿಲ್ಲ. 1984ರ ಕಾಂಟೆಸ್ಸಾ ಮತ್ತು 1985ರ ಸ್ಟ್ಯಾಂಡರ್ಡ್ 2000 ಎಂಬ ಸ್ವದೇಶಿ ದೊಡ್ಡ ಕಾರುಗಳು ಈ ಹಸಿವನ್ನು ಕೊಂಚ ತಣಿಸಿದವೆನ್ನಬಹುದೇ ಹೊರತು ಅದಕ್ಕಿಂತ ಹೆಚ್ಚಿಲ್ಲ.

ಕೊರತೆಯ ಆ ಕಾಲವೇ ನಿರ್ವಹಣೆಯ ವಿದ್ಯೆಯನ್ನು ಕಲಿಸಿತು. ಸಕಲೇಶಪುರದ ಪಶ್ಚಿಮದ ಅಂಚಿನಲ್ಲಿ ವರ್ಷಕ್ಕೆ 2000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲೇ ನೀರಿರುತ್ತದೆ. ಇಂಥಲ್ಲಿ ನಿಂತ ಕಾರು ಓಡುವ ಕಾರಿಗಿಂತ ಬೇಗ ಕೆಡುತ್ತದೆ. ಚರ್ಮದ ಸೀಟಿಗೆ ಬೂಷ್ಟು ಹಿಡಿಯುತ್ತದೆ, ಬಾಗಿಲಿನ ಕೆಳಅಂಚಿನ ನೀರಿಳಿಯುವ ಕಂಡಿಯಲ್ಲಿ ಎಲೆ ಕೊಳೆತು ಕಟ್ಟಿಕೊಂಡು ಒಳಗಿನಿಂದ ತುಕ್ಕು ಮೇಲೇರುತ್ತದೆ, ಬ್ರೇಕಿನ ಡ್ರಮ್ಮು ಲೈನಿಂಗಿಗೆ ಕಚ್ಚಿಕೊಳ್ಳುತ್ತದೆ, ಬೆಚ್ಚನೆಯ ಜಾಗ ಹುಡುಕಿ ಬಂದ ಇಲಿ ಬಾನೆಟ್ಟಿನೊಳಗೆ ಗೂಡು ಕಟ್ಟಿ ವೈರಿನ ಹೊದಿಕೆಯನ್ನು ಕಡಿಯುತ್ತದೆ. ಆದುದರಿಂದ ಅನುಭವಿ ಡ್ರೈವರನು ಮಳೆಗಾಲಕ್ಕೆ ಮುನ್ನ ಕಾರಿನ ಅಡಿಭಾಗಕ್ಕೆ ಎಣ್ಣೆ ಬಳಿದು, ಬ್ಯಾಟರಿಯ ಒಂದು ತಂತಿ ಬಿಚ್ಚಿಟ್ಟು, ಹೊಳವಾದ ದಿನಗಳಲ್ಲಿ ಎಂಜಿನ್ ಚೆನ್ನಾಗಿ ಬಿಸಿಯಾಗುವಷ್ಟು ದೂರ ಓಡಿಸಿ ತರುತ್ತಿದ್ದನು; ಸುಮ್ಮನೆ ಐದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸಿದರೆ ಸೈಲೆನ್ಸರಿನಲ್ಲಿ ನೀರು ಕಟ್ಟಿ ಲಾಭಕ್ಕಿಂತ ಹಾನಿಯೇ ಹೆಚ್ಚೆಂಬುದು ಅವನಿಗೆ ತಿಳಿದಿತ್ತು. ಅಂದಿನ ಕೊಳ್ಳುವವನಿಗೆ ಇಂಥ ಡ್ರೈವರನ ಮಾತೇ ದಾಖಲೆ, ಪೇಟೆಯ ಮೆಕ್ಯಾನಿಕನ ತಲೆಯಾಡಿಸುವಿಕೆಯೇ ಪ್ರಮಾಣಪತ್ರ. ಈ ಜ್ಞಾನವನ್ನು ಯಾರೂ ಬರೆದಿಡದೆ ಹೋದದ್ದು ಮಲೆನಾಡಿನ ಚರಿತ್ರೆಗಾದ ನಿಜವಾದ ನಷ್ಟ.

ಕೊಳ್ಳುವ ಶಕ್ತಿಯನ್ನು ನಿರ್ಧರಿಸಿದ್ದು ಕಾಫಿ. 1942ರ ಕಾಫಿ ಕಾಯ್ದೆಯಡಿ ನಡೆಯುತ್ತಿದ್ದ ಪೂಲಿಂಗ್ ಪದ್ಧತಿಯಲ್ಲಿ ಬೆಳೆಗಾರನು ತನ್ನ ಫಸಲನ್ನೆಲ್ಲ ಕಾಫಿ ಮಂಡಳಿಯ ಸಂಗ್ರಹಕ್ಕೆ ಒಪ್ಪಿಸಿ, ಅದು ಮಾರಾಟವಾದಂತೆಲ್ಲ ಕಂತುಗಳಲ್ಲಿ ಹಣ ಪಡೆಯಬೇಕಿತ್ತು. ಹಣ ಖಚಿತ, ಆದರೆ ನಿಧಾನ, ಹಾಗಾಗಿ ಒಂದೇ ಸಲಕ್ಕೆ ದೊಡ್ಡ ಮೊತ್ತ ಎಣಿಸುವ ಖರೀದಿಗೆ ಅದು ಒಗ್ಗುತ್ತಿರಲಿಲ್ಲ. 1992ರಿಂದ 1996ರ ನಡುವೆ ಈ ಪದ್ಧತಿ ಹಂತಹಂತವಾಗಿ ಸಡಿಲಗೊಂಡು ಮುಕ್ತ ಮಾರಾಟ ಬಂತು. ಅದರ ನಟ್ಟನಡುವೆ, 1994ರಲ್ಲಿ, ಬ್ರೆಜಿಲ್ಲಿನ ತೋಟಗಳನ್ನು ಹಿಮ ಸುಟ್ಟಿತು, ಜಗತ್ತಿನ ಧಾರಣೆ ಜಿಗಿಯಿತು. ಮರುವರ್ಷವೇ ಮರ್ಸಿಡಿಸ್ ಬೆಂಜ್ ಪುಣೆಯಲ್ಲಿ ತಯಾರಾದ ಇ-ಕ್ಲಾಸ್ ಕಾರನ್ನು ಭಾರತದ ಪೇಟೆಗೆ ತಂದಿತು. ಕಾಫಿಯ ಕೈತುಂಬ ಹಣವೂ ಕಾನೂನುಬದ್ಧವಾಗಿ ದೊರೆಯುವ ಐಷಾರಾಮಿ ಕಾರೂ ಹೀಗೆ ಒಟ್ಟಿಗೆ ಬಂದದ್ದು ಕಾಕತಾಳೀಯವಾದರೂ ಅದರ ಪರಿಣಾಮ ಆಳವಾದದ್ದು. 2007ರಲ್ಲಿ ಬಿಎಂಡಬ್ಲ್ಯು ಚೆನ್ನೈ ಬಳಿ ತಯಾರಿಕೆ ಆರಂಭಿಸಿತು. ಐಟಿ ಉದ್ಯಮದ ಬೆಂಗಳೂರು ಇಂಥ ಕಾರುಗಳನ್ನು ಹೊಸದಾಗಿ ಕೊಂಡು ಮೂರು ನಾಲ್ಕು ವರ್ಷಕ್ಕೆ ಮಾರುವ ರೂಢಿ ಬೆಳೆಸಿಕೊಂಡಾಗ, 220 ಕಿಲೋಮೀಟರು ಆಚೆಯ ಕಾಫಿ ಸೀಮೆ ಆ ಹಳೆಯ ಕಾರುಗಳಿಗೆ ಸಹಜ ಗಿರಾಕಿಯಾಯಿತು.

ಇಂದಿನ ಲೆಕ್ಕಾಚಾರದಲ್ಲಿ ಒಂದು ಮೋಸದ ತಿರುವಿದೆ. ಐಷಾರಾಮಿ ಕಾರು ಮೊದಲ ನಾಲ್ಕೈದು ವರ್ಷಗಳಲ್ಲೇ ತನ್ನ ಬೆಲೆಯ ಅರ್ಧದಷ್ಟನ್ನು ಕಳೆದುಕೊಳ್ಳುವುದು ಸಾಮಾನ್ಯ, ಆದರೆ ಅದರ ಬಿಡಿಭಾಗಗಳ ಬೆಲೆ ಕಿಂಚಿತ್ತೂ ಇಳಿಯುವುದಿಲ್ಲ. ಅರ್ಧ ಬೆಲೆಗೆ ಕೊಂಡವನೂ ರಿಪೇರಿಗೆ ಪೂರ್ಣ ಬೆಲೆಯ ಕಾರಿನ ಖರ್ಚನ್ನೇ ತೆರಬೇಕು. ರಾತ್ರಿಯಿಡೀ ನಿಂತ ಕಾರು ಬೆಳಿಗ್ಗೆ ಒಂದು ಮೂಲೆಯಲ್ಲಿ ಕುಸಿದಿದ್ದರೆ ಗಾಳಿ ತುಂಬಿದ ಸಸ್ಪೆನ್ಷನ್ ಸೋರುತ್ತಿದೆಯೆಂದು ಅರ್ಥ. ಮೇಲ್ಛಾವಣಿಯ ಗಾಜುಕಿಂಡಿಯ ನೀರಿಳಿಯುವ ನಳಿಕೆ ಕಟ್ಟಿದ್ದರೆ ಕಾರ್ಪೆಟ್ಟಿನಡಿ ನೀರು ನಿಂತು ಅಲ್ಲಿರುವ ಎಲೆಕ್ಟ್ರಾನಿಕ್ ಪೆಟ್ಟಿಗೆಗಳು ಹಾಳಾಗಿರುತ್ತವೆ. ಕಾರ್ಪೆಟ್ಟಿನ ಮೂಲೆ ಎತ್ತಿ ಕೈಯಿಟ್ಟು ನೋಡುವ ಹಳೆಯ ಮಲೆನಾಡಿನ ಅಭ್ಯಾಸ ಇಲ್ಲಿ ಈಗಲೂ ಕೆಲಸಕ್ಕೆ ಬರುತ್ತದೆ. ಟೈರಿನ ಮಗ್ಗುಲಲ್ಲಿ ಒತ್ತಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಸೂಚಿಸುತ್ತವೆ, 2319 ಎಂದರೆ 2019ರ 23ನೆಯ ವಾರ. ಹತ್ತು ಸಾವಿರ ಕಿಲೋಮೀಟರು ಮಾತ್ರ ಓಡಿದೆಯೆನ್ನುವ ಹಳೆಯ ಕಾರಿನಲ್ಲಿ ನಾಲ್ಕೂ ಹೊಸ ಟೈರುಗಳಿದ್ದರೆ ಮೀಟರನ್ನು ಸಂಶಯದಿಂದಲೇ ನೋಡಬೇಕು. ಶಿರಾಡಿ ಘಾಟಿಯನ್ನು ಇಳಿಯುವಾಗ ಬ್ರೇಕ್ ಒತ್ತಿದರೆ ಸ್ಟೀರಿಂಗ್ ನಡುಗುತ್ತದೆಯೇ ಎಂಬ ಪರೀಕ್ಷೆಯನ್ನು ಬೆಂಗಳೂರಿನ ಸಪಾಟು ರಸ್ತೆಯಲ್ಲಿ ಮಾಡಲು ಬರುವುದಿಲ್ಲ.

ಸಾಕ್ಷಿಯ ಸ್ವರೂಪವೂ ಬದಲಾಗಿದೆ. ಡ್ರೈವರನ ಮಾತಿನ ಜಾಗದಲ್ಲಿ ಕಂಪನಿಯ ಸರ್ವಿಸ್ ದಾಖಲೆ, ವಿಮೆಯ ಕ್ಲೇಮುಗಳ ವಿವರ, ಸಾಲ ತೀರಿದೆಯೆಂಬ ಬ್ಯಾಂಕಿನ ಪತ್ರ, ಮಾಲೀಕತ್ವ ವರ್ಗಾವಣೆಯ 29 ಮತ್ತು 30ನೆಯ ನಮೂನೆಗಳು ಬಂದಿವೆ; ಬೇರೆ ರಾಜ್ಯದಲ್ಲಿ ನೋಂದಣಿಯಾದ ಕಾರಾದರೆ ಅಲ್ಲಿಯ ನಿರಾಕ್ಷೇಪಣಾ ಪತ್ರ ತಂದು, ಕರ್ನಾಟಕದ ಜೀವಿತಾವಧಿ ತೆರಿಗೆಯನ್ನು ಕಾರಿನ ವಯಸ್ಸಿಗೆ ತಕ್ಕಂತೆ ಕಟ್ಟಿ, ಸಕಲೇಶಪುರದ ಕೆಎ-46 ಸಂಖ್ಯೆ ಪಡೆಯಬೇಕಾಗುತ್ತದೆ. ದೊರೆಗಳ ಕಾಲದಿಂದ ಉಳಿದುಬಂದ ಕಾರುಗಳಿಗೆ 2021ರ ವಿಂಟೇಜ್ ನಿಯಮಗಳು ಬೇರೊಂದು ದಾರಿ ತೆರೆದಿವೆ: 50 ವರ್ಷ ಮೀರಿದ, ಮೂಲ ಸ್ವರೂಪದಲ್ಲಿ ಉಳಿದ ವಾಹನಕ್ಕೆ 20,000 ರೂಪಾಯಿ ಶುಲ್ಕಕ್ಕೆ ‘ವಿಎ’ ಅಕ್ಷರಗಳುಳ್ಳ ಫಲಕ ದೊರೆಯುತ್ತದೆ, ಆದರೆ ಅದನ್ನು ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ಮತ್ತು ರಿಪೇರಿಗಳಿಗಲ್ಲದೆ ನಿತ್ಯದ ಪ್ರಯಾಣಕ್ಕೆ ರಸ್ತೆಗಿಳಿಸುವಂತಿಲ್ಲ. ಸುಸ್ಥಿತಿಯಲ್ಲಿರುವ ಹಳೆಯ ಬ್ಯೂಕ್‌ನಲ್ಲಿ ಇಂದಿಗೂ ಮಂಗಳೂರಿಗೆ ಹೋಗಿಬರಬೇಕೆನ್ನುವ ಮಾಲೀಕನು ಈ ಗೌರವದ ಫಲಕವನ್ನು ಬಿಟ್ಟು, ಐದು ವರ್ಷಕ್ಕೊಮ್ಮೆ ವಾಹನವನ್ನು ತಪಾಸಣೆಗೆ ಒಪ್ಪಿಸಿ ಸಾಮಾನ್ಯ ನೋಂದಣಿಯನ್ನೇ ನವೀಕರಿಸಿಕೊಳ್ಳುವ ದಾರಿ ಹಿಡಿಯಬೇಕಾಗುತ್ತದೆ.