ನವಜಾತ ಶಿಶುಗಳಲ್ಲಿ ಅಮೋನಿಯಾ ಏರಿಕೆ: ಚಿಕಿತ್ಸೆಯ ಇತಿಹಾಸ

ಪ್ರೋಟೀನಿನ ವಿಭಜನೆಯಿಂದ ಹುಟ್ಟುವ ವಿಷಕಾರಿ ಅಮೋನಿಯಾವನ್ನು ಯಕೃತ್ತು ಯೂರಿಯಾವಾಗಿ ಮಾರ್ಪಡಿಸುವ ಕ್ರಿಯಾಸರಣಿಗೆ ಯೂರಿಯಾ ಚಕ್ರವೆಂದು ಹೆಸರು. ಇದನ್ನು 1932ರಲ್ಲಿ ಜರ್ಮನಿಯ ಹ್ಯಾನ್ಸ್ ಕ್ರೆಬ್ಸ್ ಮತ್ತು ಕುರ್ಟ್ ಹೆನ್ಸೆಲೈಟ್ ವಿವರಿಸಿದರು. ಈ ಚಕ್ರದ ಬಹುಪಾಲು ಕಿಣ್ವಗಳಲ್ಲಿ ಯಾವುದಾದರೊಂದರ ತೀವ್ರ ಕೊರತೆಯೊಂದಿಗೆ ಹುಟ್ಟುವ ಶಿಶು, ಗರ್ಭದಲ್ಲಿ ತಾಯಿಯ ದೇಹದ ಆಸರೆಯಿಂದ ಸುರಕ್ಷಿತವಾಗಿದ್ದರೂ, ಹೆರಿಗೆಯಾದ ಕೆಲವೇ ದಿನಗಳಲ್ಲಿ ಹಾಲು ಕುಡಿಯುವುದನ್ನು ಬಿಟ್ಟು, ಮಂಕಾಗಿ, ಮಿದುಳಿನ ಊತದಿಂದ ಪ್ರಜ್ಞೆ ತಪ್ಪುತ್ತದೆ. ಈ ಲಕ್ಷಣಗಳು ರಕ್ತದ ಸೋಂಕನ್ನೇ ಹೋಲುವುದರಿಂದ, ಅಮೋನಿಯಾವನ್ನು ಅಳೆಯದ ಹೊರತು ರೋಗ ಪತ್ತೆಯಾಗುವುದಿಲ್ಲ.

ಚಕ್ರದ ಹಲವು ದೋಷಗಳು 1958ರಿಂದೀಚೆಗೆ ಒಂದೊಂದಾಗಿ ಗುರುತಾದವಾದರೂ ಚಿಕಿತ್ಸೆ ಬಹುಕಾಲ ಪ್ರೋಟೀನು ನಿಲ್ಲಿಸುವುದು, ಶಿಶುವಿನ ರಕ್ತವನ್ನೇ ಬದಲಿಸುವುದು ಮತ್ತು ಹೊಟ್ಟೆಯ ಪೊರೆಯ ಮೂಲಕ ನಡೆಸುವ ಡಯಾಲಿಸಿಸ್ ಇಷ್ಟಕ್ಕೇ ಸೀಮಿತವಾಗಿತ್ತು. ಇವು ಸೇರಿದ ವಿಷವನ್ನು ತೊಳೆಯುತ್ತಿದ್ದವೇ ಹೊರತು ಸಾರಜನಕ ಹೊರಹೋಗಲು ಬೇರೆ ದಾರಿ ತೋರುತ್ತಿರಲಿಲ್ಲ.

ಆ ದಾರಿ ತೆರೆದದ್ದು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯ ಸಾಲ್ ಬ್ರುಸಿಲೋ ಮತ್ತು ಸಂಗಡಿಗರು. ಬೆಂಜೋಯೇಟ್ ದೇಹವನ್ನು ಸೇರಿದಾಗ ಗ್ಲೈಸಿನ್ ಎಂಬ ಅಮೈನೋ ಆಮ್ಲದೊಂದಿಗೆ ಕೂಡಿ ಹಿಪ್ಯೂರಿಕ್ ಆಮ್ಲವಾಗಿ ಮೂತ್ರದಲ್ಲಿ ಹೊರಬೀಳುವುದು 19ನೆಯ ಶತಮಾನದಲ್ಲೇ ತಿಳಿದಿತ್ತು. ಹೀಗೆ ಹೊರಹೋಗುವ ಪ್ರತಿ ಅಣುವಿನೊಡನೆ ಒಂದು ಸಾರಜನಕ ಪರಮಾಣುವೂ ಹೋಗುತ್ತದೆ ಎಂಬುದನ್ನು ಇವರು 1979ರ ಸುಮಾರಿಗೆ ಚಿಕಿತ್ಸೆಯಾಗಿ ಬಳಸಿಕೊಂಡರು. ಉಪ್ಪಿನಕಾಯಿ, ಹಣ್ಣಿನ ರಸಗಳು ಕೆಡದಂತೆ ಬೆರೆಸುವ ಸೋಡಿಯಂ ಬೆಂಜೋಯೇಟ್ ಹೀಗೆ ಪ್ರಾಣರಕ್ಷಕ ಔಷಧವಾದದ್ದು ವೈದ್ಯಕೀಯ ಇತಿಹಾಸದ ಕುತೂಹಲಗಳಲ್ಲೊಂದು. ಫಿನೈಲ್ ಅಸಿಟೇಟ್ ಇನ್ನೂ ಸಮರ್ಥವಾದುದು: ಗ್ಲುಟಮಿನ್‌ನೊಡನೆ ಸೇರಿ ಅದು ಎರಡು ಸಾರಜನಕ ಪರಮಾಣುಗಳನ್ನು ಒಯ್ಯುತ್ತದೆ, ಆದರೆ ಅದರ ದುರ್ವಾಸನೆ ಅಸಹನೀಯ. ಆದ್ದರಿಂದ ದೀರ್ಘಕಾಲದ ಸೇವನೆಗೆ, ದೇಹದೊಳಗೆ ಫಿನೈಲ್ ಅಸಿಟೇಟ್ ಆಗುವ ಫಿನೈಲ್ ಬ್ಯುಟಿರೇಟ್ ಬಳಕೆಗೆ ಬಂದು, 1996ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಅನುಮತಿ ಪಡೆಯಿತು. ರಕ್ತನಾಳದ ಮೂಲಕ ಕೊಡುವ ಬೆಂಜೋಯೇಟ್–ಫಿನೈಲ್ ಅಸಿಟೇಟ್ ಮಿಶ್ರಣಕ್ಕೆ 2005ರಲ್ಲಿ ಅನುಮತಿ ದೊರೆಯಿತು.

ಔಷಧಗಳಿಂದ ಡಯಾಲಿಸಿಸ್ ಅನಗತ್ಯವಾಗಲಿಲ್ಲ. ಅಮೋನಿಯಾ ಬಹಳ ಏರಿದ ಶಿಶುವಿಗೆ ರಕ್ತವನ್ನು ಯಂತ್ರದಲ್ಲಿ ಶೋಧಿಸುವ ಹೀಮೋಡಯಾಲಿಸಿಸ್ ಇಂದಿಗೂ ಅತಿ ವೇಗದ ಉಪಾಯ, ಮತ್ತು ದೇಹ ತನ್ನದೇ ಪ್ರೋಟೀನನ್ನು ಕರಗಿಸಿಕೊಳ್ಳದಂತೆ ಗ್ಲುಕೋಸ್ ಕೊಡುವುದೂ ಅಷ್ಟೇ ಮುಖ್ಯ. ಈ ಔಷಧಗಳ ಸುಮಾರು 25 ವರ್ಷಗಳ ಬಳಕೆಯನ್ನು ಪರಿಶೀಲಿಸಿ 2007ರಲ್ಲಿ ಪ್ರಕಟವಾದ ವರದಿಯ ಪ್ರಕಾರ, 30 ದಿನ ಮೀರಿದ ರೋಗಿಗಳಲ್ಲಿ ಶೇ 98ರಷ್ಟು ಮಂದಿ ಅಮೋನಿಯಾದ ಆಘಾತದಿಂದ ಪಾರಾದರೆ ನವಜಾತರಲ್ಲಿ ಪಾರಾದವರು ಶೇ 73 ಮಾತ್ರ. ಬದುಕುಳಿದವರಲ್ಲೂ ಪ್ರಜ್ಞೆ ತಪ್ಪಿದ್ದ ಅವಧಿ ಹೆಚ್ಚಿದಷ್ಟೂ ಬುದ್ಧಿವಿಕಾಸಕ್ಕೆ ಧಕ್ಕೆ ಹೆಚ್ಚುವುದರಿಂದ, ಯಾವ ಹೊಸ ಔಷಧವೂ ತಡವಾದ ರೋಗನಿದಾನದ ನಷ್ಟವನ್ನು ತುಂಬಿಕೊಡಲಾರದು. ಕಿಣ್ವದ ಕೊರತೆಯನ್ನೇ ನೀಗಿಸುವ ಮಾರ್ಗವಾಗಿ ಯಕೃತ್ತಿನ ಕಸಿ ರೂಢಿಯಲ್ಲಿದೆ; 2025ರಲ್ಲಿ ಫಿಲಡೆಲ್ಫಿಯಾದ ವೈದ್ಯರು ಇಂಥ ಒಂದು ಶಿಶುವಿಗೆ, ಅದರ ದೋಷಕ್ಕೆಂದೇ ರೂಪಿಸಿದ ಜೀನ್ ತಿದ್ದುಪಡಿ ಔಷಧವನ್ನು ನೀಡಿದರು.