ಸೊಪ್ಪು, ಅರಿಸಿನ, ಡಿಎನ್‌ಎ: ಪ್ರಯೋಗಾಲಯ ಇನ್ನೂ ತಲುಪದ ಎರಿಹೊಲ

ಅರಿಸಿನದ ಕ್ಯಾಪ್ಸೂಲ್, ನುಗ್ಗೆಸೊಪ್ಪಿನ ಪುಡಿ, ತುಳಸಿ ಹನಿ ಎಲ್ಲವನ್ನೂ ಈಗ ‘ಡಿಎನ್‌ಎ ರಕ್ಷಕ’ ಎಂದು ಮಾರಲಾಗುತ್ತಿದೆ. ಮೊಬೈಲಿನಲ್ಲಿ ಹರಿದಾಡುವ ಸಂದೇಶಗಳಂತೂ ಕರಿಬೇವು ಕ್ಯಾನ್ಸರನ್ನೇ ಗುಣಪಡಿಸುತ್ತದೆ ಎನ್ನುತ್ತವೆ. ಈ ಅಬ್ಬರಕ್ಕೆ ಬೇಸತ್ತ ವೈದ್ಯರು ಇಡೀ ವಿಷಯವನ್ನೇ ಬರೀ ನಂಬಿಕೆಯೆಂದು ತಳ್ಳಿಹಾಕುತ್ತಾರೆ. ಎರಡೂ ತಪ್ಪು. ಅಡುಗೆಮನೆಯ ಸೊಪ್ಪು–ಸಾಂಬಾರ ಪದಾರ್ಥಗಳು ವಂಶವಾಹಿಗೆ ಆಗುವ ಹಾನಿಯನ್ನು ತಡೆಯಬಲ್ಲವೇ ಎಂಬ ಪ್ರಶ್ನೆಯ ಮೇಲೆ ಅರ್ಧ ಶತಮಾನದ ಗಂಭೀರ ಕೆಲಸ ನಡೆದಿದೆ. ಅದರಲ್ಲಿ ಕರ್ನಾಟಕದ ಪಾಲು ಸಣ್ಣದಲ್ಲ. ಆದರೆ ಅದರ ಫಲ ಯಾರಿಗೆ ಮೊದಲು ಸಿಗಬೇಕಿತ್ತೋ ಆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಹೊಲಗೆಲಸದವರ ಹತ್ತಿರ ಅದು ಬಂದಿಲ್ಲ. ಏಕೆ ಬಂದಿಲ್ಲ ಎಂಬುದಕ್ಕೆ ಉತ್ತರ ಈ ಕ್ಷೇತ್ರ ಬೆಳೆದ ರೀತಿಯಲ್ಲೇ ಇದೆ.

ಎಕ್ಸ್-ಕಿರಣ ತಾಗಿದರೆ ವಂಶವಾಹಿ ಬದಲಾಗುತ್ತದೆ ಎಂದು ಹರ್ಮನ್ ಮುಲ್ಲರ್ 1927ರಲ್ಲಿ ಹಣ್ಣಿನ ನೊಣಗಳಲ್ಲಿ ತೋರಿಸಿದರು. ರಾಸಾಯನಿಕಗಳೂ ಅದನ್ನೇ ಮಾಡಬಲ್ಲವು ಎಂದು ಎರಡನೇ ಮಹಾಯುದ್ಧದ ಕಾಲದಲ್ಲಿ ಷಾರ್ಲೆಟ್ ಔರ್ಬಾಕ್ ಸಾಬೀತು ಮಾಡಿದರು. ಹಾನಿಯನ್ನು ತಗ್ಗಿಸುವ ವಸ್ತುಗಳೂ ಉಂಟು ಎಂದು 1952ರಲ್ಲಿ ನೋವಿಕ್ ಮತ್ತು ಝಿಲಾರ್ಡ್ ಹೇಳಿದರೂ ಅದನ್ನು ಅಡುಗೆಗೆ ಯಾರೂ ಜೋಡಿಸಲಿಲ್ಲ.

1970ರ ದಶಕದಲ್ಲಿ ಬರ್ಕ್ಲಿಯ ಬ್ರೂಸ್ ಏಮ್ಸ್ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯ ಬಳಸಿ, ವಂಶವಾಹಿ ಹಾನಿಯನ್ನು ಪತ್ತೆಹಚ್ಚುವ ಅಗ್ಗದ, ಬೇಗ ಮುಗಿಯುವ ಪರೀಕ್ಷೆ ರೂಪಿಸಿದ ಮೇಲೆ ಬಾಗಿಲು ತೆರೆಯಿತು. ಸುಟ್ಟು ಕರಿಕಾದ ಮೀನಿನಲ್ಲಿ ಡಿಎನ್‌ಎ ಕೆಡಿಸುವ ವಸ್ತುಗಳಿವೆ ಎಂದು ಜಪಾನಿನ ತಕಾಶಿ ಸುಗಿಮುರ ಕಂಡುಕೊಂಡರು. ಕರಿಕಿನ ಅಂಥ ವಿಷಗಳನ್ನು ಕೋಸು, ಬದನೆ, ಶುಂಠಿ, ಪುದೀನದ ರಸ ಕುಂದಿಸುತ್ತದೆ ಎಂದು ಅದೇ ದೇಶದ ಮಿಶಿಮಾದ ತ್ಸುನೆಯೊ ಕಾಡಾ ತಂಡ 1978ರಲ್ಲಿ ವರದಿ ಮಾಡಿತು. ಕಾಡಾ ಮಾಡಿದ ವಿಂಗಡಣೆಯೇ ಇಂದಿಗೂ ನಮಗೆ ದಾರಿ. ಕೆಲವು ವಸ್ತುಗಳು ವಿಷವು ಜೀವಕೋಶ ತಲುಪುವ ಮೊದಲೇ ಅದನ್ನು ಹಿಡಿದುಬಿಡುತ್ತವೆ. ಕೆಲವು ಒಳಗೆ ಹೋಗಿ ಡಿಎನ್‌ಎಯ ರಿಪೇರಿಗೆ ನೆರವಾಗುತ್ತವೆ. ಯಾವ ಸೊಪ್ಪು ಯಾವ ಹಂತದಲ್ಲಿ ಕೆಲಸ ಮಾಡುತ್ತದೆ ಎಂದು ತಿಳಿಯದೆ ‘ಶಕ್ತಿಶಾಲಿ’ ಎನ್ನುವುದಕ್ಕೆ ಅರ್ಥವಿಲ್ಲ.

ನಮ್ಮ ತಲೆಮಾರು ಈ ಕೆಲಸಕ್ಕೆ ಇಳಿದದ್ದು 1980ರ ದಶಕದಲ್ಲಿ. ಸೂಕ್ಷ್ಮದರ್ಶಕದ ಮುಂದೆ ಕೂತು ಇಲಿಯ ಮೂಳೆಮಜ್ಜೆಯ ಕೋಶಗಳಲ್ಲಿ ಮೈಕ್ರೋನ್ಯೂಕ್ಲಿಯಸ್ ಎಣಿಸುವುದೇ ದಿನಚರಿ. ಮುರಿದ ವರ್ಣತಂತುವಿನ ಚೂರು ಕೋಶಕೇಂದ್ರದ ಪಕ್ಕದಲ್ಲಿ ಚುಕ್ಕೆಯಾಗಿ ಉಳಿಯುತ್ತದೆ. ಚುಕ್ಕೆ ಹೆಚ್ಚಿದಷ್ಟೂ ಹಾನಿ ಹೆಚ್ಚು. ಮುಂಬಯಿಯಲ್ಲಿ ಸುಮತಿ ಭಿಡೆ ಅವರ ತಂಡ ಅರಿಸಿನದ ಕರ್ಕ್ಯುಮಿನ್ ಕುರಿತು ಬುನಾದಿ ಹಾಕಿತು. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ಪಿ. ಉಮಾದೇವಿ ಅವರು ತುಳಸಿ ಎಲೆಯ ಸಾರವು ಗಾಮಾ ವಿಕಿರಣದಿಂದ ಇಲಿಗಳನ್ನು ಕಾಯುವುದನ್ನು ತೋರಿಸಿ, ಅದರಲ್ಲಿನ ಓರಿಯೆಂಟಿನ್, ವಿಸೆನಿನ್ ಎಂಬ ಎರಡು ವಸ್ತುಗಳವರೆಗೂ ಹೋದರು. ಅವೆರಡೂ ಮನುಷ್ಯರ ರಕ್ತಕೋಶಗಳ ವರ್ಣತಂತುವನ್ನು ರಕ್ಷಿಸುತ್ತವೆ ಎಂಬ ವರದಿ 2001ರಲ್ಲಿ ಬಂತು. ಅಲ್ಲಿಯೇ ಗಣೇಶ್ ಜಗೇಟಿಯ ಅವರು ಪುದೀನ, ಶುಂಠಿಯ ಮೇಲೆ ದುಡಿದರು. ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯದ ಫರ್ಹತ್ ಖಾನಂ ಮತ್ತು ಸಂಗಡಿಗರು ಇಲಿಗಳ ಆಹಾರದಲ್ಲೇ ಕರಿಬೇವು ಬೆರೆಸಿ ಮೈಕ್ರೋನ್ಯೂಕ್ಲಿಯಸ್‌ಗಳ ಸಂಖ್ಯೆ ಇಳಿದದ್ದನ್ನು 2000ದಲ್ಲಿ ಪ್ರಕಟಿಸಿದರು.

ಈ ಸಾಲಿನಲ್ಲಿ ನಾನು ಎಲ್ಲಕ್ಕಿಂತ ಎತ್ತರದಲ್ಲಿಡುವುದು ಎರಡು ಕೆಲಸಗಳನ್ನು. ಮೊದಲನೆಯದು ವಿ.ಕೆ. ಶಾಲಿನಿ ಮತ್ತು ಲೀಲಾ ಶ್ರೀನಿವಾಸ್ ಅವರದು, 1990ರದು. ಒಲೆಯ ಹೊಗೆಯ ಸಾರ ತೆಗೆದು, ಅದು ಮನುಷ್ಯರ ರಕ್ತಕೋಶಗಳ ಡಿಎನ್‌ಎ ಕೆಡಿಸುವುದನ್ನೂ ಅರಿಸಿನ ಅದನ್ನು ತಡೆಯುವುದನ್ನೂ ಅವರು ತೋರಿಸಿದರು. ವಿಷವೂ ಅಡುಗೆಮನೆಯದು, ಮದ್ದೂ ಅಡುಗೆಮನೆಯದು. ಎರಡನೆಯದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕಲ್ಪಗಂ ಪೊಲಾಸ ಮತ್ತು ಕಮಲಾ ಕೃಷ್ಣಸ್ವಾಮಿ ಅವರದು. 1992ರ ಆ ಅಧ್ಯಯನದಲ್ಲಿ 16 ಮಂದಿ ಧೂಮಪಾನಿಗಳು ದಿನಕ್ಕೆ 1.5 ಗ್ರಾಂ ಅರಿಸಿನವನ್ನು 30 ದಿನ ತಿಂದರು. ಅವರ ಮೂತ್ರದಲ್ಲಿ ಡಿಎನ್‌ಎ ಕೆಡಿಸುವ ವಸ್ತುಗಳು ಗಣನೀಯವಾಗಿ ತಗ್ಗಿದವು. ಸಣ್ಣ ಅಧ್ಯಯನ, ನಿಜ. ಆದರೆ ಮನುಷ್ಯರು, ಊಟದಷ್ಟೇ ಪ್ರಮಾಣ, ದಿನನಿತ್ಯದ ವಿಷ, ಈ ಮೂರೂ ಅಲ್ಲಿ ಒಟ್ಟಿಗೆ ಇದ್ದವು. ತುಳಸಿ, ಪುದೀನದ ಕೆಲಸದಲ್ಲಿ ಸಾರವನ್ನು ಇಲಿಯ ಹೊಟ್ಟೆಗೆ ಸೂಜಿಯಲ್ಲಿ ಚುಚ್ಚಿದ್ದೇ ಹೆಚ್ಚು. ಯಾರೂ ಹಾಗೆ ಉಣ್ಣುವುದಿಲ್ಲ.

ಕ್ಷೇತ್ರ ಮುಂದೆ ಹಿಡಿದ ದಾರಿ ಇದಲ್ಲ. ಎಲೆಯಿಂದ ಸಾರಕ್ಕೆ, ಸಾರದಿಂದ ಒಂದೇ ಅಣುವಿಗೆ, ಅಣುವಿನಿಂದ ಮಾತ್ರೆಗೆ ಅದು ಓಡಿತು. ಆ ಓಟಕ್ಕೆ ದೊಡ್ಡ ಪೆಟ್ಟು ಬಿದ್ದದ್ದು ಫಿನ್‌ಲೆಂಡಿನಲ್ಲಿ. 29,133 ಧೂಮಪಾನಿ ಗಂಡಸರ ಮೇಲಿನ ಪರೀಕ್ಷೆಯ ಫಲ 1994ರಲ್ಲಿ ಹೊರಬಂದಾಗ, ಬೀಟಾ ಕ್ಯಾರೊಟಿನ್ ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಿತ್ತು. ತರಕಾರಿಯಲ್ಲಿ ಒಳಿತು ಮಾಡುವ ವಸ್ತು ಮಾತ್ರೆಯಲ್ಲೂ ಅದನ್ನೇ ಮಾಡೀತು ಎಂಬ ಭರವಸೆ ಅಲ್ಲಿಗೆ ಮುರಿಯಿತು. ಸೊಪ್ಪು–ತರಕಾರಿಯ ಎಲ್ಲ ಅಣುಗಳೂ ನಿರಪಾಯಕಾರಿಯೇನಲ್ಲ. ಈರುಳ್ಳಿಯ ಕ್ವೆರ್ಸೆಟಿನ್ ಏಮ್ಸ್ ಪರೀಕ್ಷೆಯಲ್ಲಿ ತಾನೇ ಹಾನಿಕಾರಕವಾಗಿ ಕಾಣುತ್ತದೆ.

ಹಾಗಾದರೆ ಸೊಪ್ಪು ಕಾಯುವುದು ಹೇಗೆ? ನನ್ನ ಮಟ್ಟಿಗೆ ಅತ್ಯಂತ ಗಟ್ಟಿ ಉತ್ತರ ಬಂದದ್ದು ಯಾರೂ ಜಾಹೀರಾತು ಮಾಡದ ಕಡೆಯಿಂದ. ಏಮ್ಸ್ ಕೂಡ ಇದ್ದ ತಂಡವೊಂದು 1997ರಲ್ಲಿ ತೋರಿಸಿದಂತೆ, ಫೋಲೇಟ್ ಎಂಬ ಜೀವಸತ್ವದ ಕೊರತೆಯಾದರೆ ಡಿಎನ್‌ಎಯಲ್ಲಿ ಥೈಮಿನ್ ಎಂಬ ಘಟಕ ಇರಬೇಕಾದ ಕಡೆ ಯುರಾಸಿಲ್ ಸೇರಿಕೊಂಡು ವರ್ಣತಂತು ಮುರಿಯುತ್ತದೆ. ಹೊರಗಿನ ವಿಷ ಬೇಕಿಲ್ಲ, ಕೊರತೆಯೇ ವಿಷ. ಆಸ್ಟ್ರೇಲಿಯದ ಮೈಕೆಲ್ ಫೆನೆಕ್ ಇದನ್ನೇ ಮೈಕ್ರೋನ್ಯೂಕ್ಲಿಯಸ್ ಎಣಿಕೆಯಿಂದ ಬೆಳೆಸಿದರು. ಫೋಲೇಟಿನ ದೊಡ್ಡ ಮೂಲ ಹಸಿರು ಸೊಪ್ಪು. ಸೊಪ್ಪನ್ನು ಕುದಿಸಿದರೆ ಫೋಲೇಟ್ ನೀರಿಗೆ ಕರಗಿ, ಬಸಿದ ನೀರಿನೊಂದಿಗೆ ಹರಿದುಹೋಗುತ್ತದೆ.

ಇನ್ನೊಂದು ಉತ್ತರ ಚೀನಾದ ಚಿಡೋಂಗ್‌ನಿಂದ. ಅಲ್ಲಿ 180 ಮಂದಿಯ ಮೇಲೆ ನಡೆದ ಪರೀಕ್ಷೆಯ ಫಲ 2001ರಲ್ಲಿ ಪ್ರಕಟವಾಯಿತು. ಎಲೆಹಸಿರಿನಿಂದ ತಯಾರಿಸಿದ ಕ್ಲೋರೊಫಿಲಿನ್ ಅನ್ನು ದಿನಕ್ಕೆ ಮೂರು ಸಲ ಕೊಟ್ಟಾಗ, ಅಫ್ಲಾಟಾಕ್ಸಿನ್ ಡಿಎನ್‌ಎಗೆ ಅಂಟಿದ ಗುರುತು ಮೂತ್ರದಲ್ಲಿ ಶೇ 55ರಷ್ಟು ಇಳಿಯಿತು. ಅಫ್ಲಾಟಾಕ್ಸಿನ್ ಎಂದರೆ ಬೂಸ್ಟು ಹಿಡಿದ ಶೇಂಗಾ, ಮೆಕ್ಕೆಜೋಳದ ವಿಷ. 1974ರಲ್ಲಿ ಗುಜರಾತ್, ರಾಜಸ್ಥಾನದ ಬುಡಕಟ್ಟು ಹಳ್ಳಿಗಳಲ್ಲಿ ಬೂಸ್ಟು ಹಿಡಿದ ಮೆಕ್ಕೆಜೋಳ ಉಂಡು ನೂರಕ್ಕೂ ಹೆಚ್ಚು ಜನ ಸತ್ತಿದ್ದರು.

ಇಲ್ಲಿಂದ ಕೊಪ್ಪಳ ದೂರವಿಲ್ಲ. ಕುಷ್ಟಗಿ, ಯಲಬುರ್ಗಾದ ಒಣಬೇಸಾಯದ ಹೊಲಗಳು ಶೇಂಗಾ, ಮೆಕ್ಕೆಜೋಳ ಬೆಳೆಯುತ್ತವೆ. ಶೇಂಗಾ ಚಟ್ನಿಯಿಲ್ಲದ ರೊಟ್ಟಿಯೂಟವಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಗಂಗಾವತಿ ಭತ್ತದ ಸೀಮೆ. ಅಲ್ಲಿ ಕೀಟನಾಶಕ ಸಿಂಪರಣೆ ನಿತ್ಯದ ಕೆಲಸ. ಸಿಂಪಡಿಸುವವರ ರಕ್ತಕೋಶಗಳಲ್ಲಿ ವರ್ಣತಂತು ಹಾನಿ ಹೆಚ್ಚು ಎಂದು ಹೈದರಾಬಾದಿನ ಸಂಶೋಧಕರು ಆಂಧ್ರದ ಹತ್ತಿ ಹೊಲಗಳಲ್ಲಿ 1980ರ ದಶಕದಲ್ಲೇ ತೋರಿಸಿದ್ದರು. ಕಟ್ಟಿಗೆ ಒಲೆ ಇನ್ನೂ ಪೂರ್ತಿ ಆರಿಲ್ಲ.

ಎದುರಿಗೆ ಊಟದ ತಾಟು ನೋಡಿ. ಮೆಂತ್ಯೆ, ಹಕ್ಕರಕಿ, ಉಳ್ಳಾಗಡ್ಡಿ ತಪ್ಪಲನ್ನು ಹಸಿಯಾಗಿಯೇ ಹೆಚ್ಚಿ, ಉಪ್ಪು, ಒಳ್ಳೆಣ್ಣಿ, ಶೇಂಗಾ ಪುಡಿ ಕಲಸಿದ ಪಚಡಿ. ಪುಂಡಿಪಲ್ಯ, ರಾಜಗಿರಿ, ಕಿರಕಸಾಲಿ, ಗೋಳಿಪಲ್ಯ, ಸಬ್ಬಸಿಗಿ. ಎಳ್ಳಮವಾಸ್ಯೆಯ ಚರಗಕ್ಕೆ ಕಡ್ಲಿಪಲ್ಯ. ಹಸಿ ಪಚಡಿಯಲ್ಲಿ ಫೋಲೇಟ್ ಉಳಿಯುತ್ತದೆ, ಎಲೆಹಸಿರು ಶೇಂಗಾದ ಜೊತೆಯಲ್ಲೇ ಹೊಟ್ಟೆ ಸೇರುತ್ತದೆ. ಪುಂಡಿಯ ಬಳಗದ ಕೆಂಪು ಹೂಕೋಶವನ್ನು ಥಾಯ್ಲೆಂಡಿನವರು 1999ರಲ್ಲೇ ಡಿಎನ್‌ಎ ರಕ್ಷಣೆಯ ದೃಷ್ಟಿಯಿಂದ ಪರೀಕ್ಷಿಸಿದ್ದಾರೆ. ನಮ್ಮ ಸಂಶೋಧನೆಯ ಪಟ್ಟಿಗಳಲ್ಲಿ ಮಾತ್ರ ಅರಿಸಿನ, ಬೆಳ್ಳುಳ್ಳಿ, ತುಳಸಿಯೇ ಮತ್ತೆ ಮತ್ತೆ ಬರುತ್ತವೆ. ಎರಿಹೊಲದಲ್ಲಿ ತಾನಾಗಿ ಹುಟ್ಟುವ ಹಕ್ಕರಕಿಗೆ ಅಲ್ಲಿ ಜಾಗ ಸಿಗುವುದು ಅಪರೂಪ. ಕಳೆನಾಶಕ ಹೊಡೆದ ಹೊಲದಲ್ಲಿ ಅದು ಹುಟ್ಟುವುದೂ ಇಲ್ಲ.

ಹಕ್ಕರಕಿ ತಿಂದವರಿಗೆ ಕ್ಯಾನ್ಸರ್ ಬರುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಬೂಸ್ಟು ಹಿಡಿದ ಕಾಳನ್ನು ಆರಿಸಿ ತೆಗೆಯುವುದು, ಕೊಯ್ಲಿನ ನಂತರ ಚೆನ್ನಾಗಿ ಒಣಗಿಸುವುದು, ಸಿಂಪಡಿಸುವವರಿಗೆ ಮುಖಗವಸು, ಹೊಗೆಯಿಲ್ಲದ ಒಲೆ ಇವೇ ಮೊದಲ ರಕ್ಷಣೆ. ಸೊಪ್ಪು ಎರಡನೆಯದು. ಆದರೆ ಆ ಎರಡನೆಯದನ್ನು ಅಳೆಯುವ ಸಾಧನ ಇಂದು ಕೈಯಳತೆಯಲ್ಲಿದೆ. ಕೆನ್ನೆಯ ಒಳಬದಿಯನ್ನು ಮೆಲ್ಲಗೆ ಕೆರೆದು ಪಡೆದ ಕೋಶಗಳಲ್ಲೇ ಮೈಕ್ರೋನ್ಯೂಕ್ಲಿಯಸ್ ಎಣಿಸಬಹುದು. ರಕ್ತ ತೆಗೆಯುವುದೂ ಬೇಡ. ಕೊಪ್ಪಳದಲ್ಲಿ ವೈದ್ಯಕೀಯ ವಿಜ್ಞಾನ ಸಂಸ್ಥೆ ಇದೆ, ಗಂಗಾವತಿಯಲ್ಲಿ ಕೃಷಿ ಸಂಶೋಧನಾ ಕೇಂದ್ರ ಇದೆ, ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯ ಇದೆ. ಭತ್ತದ ಸೀಮೆಯ ಸಿಂಪಡಿಸುವವರು ಒಂದು ಕಡೆ, ಜೋಳದ ಸೀಮೆಯ ರೈತ ಮಹಿಳೆಯರು ಇನ್ನೊಂದು ಕಡೆ, ಸುಗ್ಗಿಗೂ ಬೇಸಿಗೆಗೂ ಅವರ ತಾಟಿನ ಸೊಪ್ಪಿನ ಲೆಕ್ಕ, ಅವರ ಶೇಂಗಾದ ಅಫ್ಲಾಟಾಕ್ಸಿನ್ ಅಳತೆ: ಇಷ್ಟನ್ನು ಎರಡು ವರ್ಷ ಶಿಸ್ತಿನಿಂದ ಮಾಡಿದರೆ ಇನ್ನೊಂದು ನೂರು ಇಲಿಗಳ ಪ್ರಯೋಗ ಕೊಡದ ಉತ್ತರ ಸಿಗುತ್ತದೆ. ಉತ್ತರ ‘ಇಲ್ಲ’ ಎಂದೇ ಬರಲಿ, ಅದನ್ನೂ ಆ ಜನರಿಗೆ ಕನ್ನಡದಲ್ಲಿ ಹೇಳಬೇಕು. ತಮ್ಮ ಊಟದ ಬಗ್ಗೆ ಕ್ಯಾಪ್ಸೂಲ್ ಮಾರುವವರಿಂದ ತಿಳಿಯುವುದಕ್ಕಿಂತ ವಿಜ್ಞಾನದಿಂದ ತಿಳಿಯುವುದು ಅವರ ಹಕ್ಕು.