ಕೌನ್ಸಿಲ್ ತೆರಿಗೆ ಬಾಕಿ ಮತ್ತು ಬೇಲಿಫರ ಜಪ್ತಿ

ಇಂಗ್ಲೆಂಡಿನ ಸ್ಥಳೀಯ ಸಂಸ್ಥೆಗಳು ಮನೆಗಳ ಮೇಲೆ ಹಾಕುವ ಕೌನ್ಸಿಲ್ ತೆರಿಗೆ ಬಾಕಿ ಬಿದ್ದಾಗ, ಬಾಕಿದಾರರ ಚರಾಸ್ತಿಯನ್ನು ಹಿಡಿದು ಮಾರಿ ವಸೂಲು ಮಾಡುವ ಕ್ರಮ. ತೆರಿಗೆ ಬಂದದ್ದು ಮೊನ್ನೆಮೊನ್ನೆ, 1993ರಲ್ಲಿ. ಜಪ್ತಿಯ ಅಧಿಕಾರ ಮಾತ್ರ ಮಧ್ಯಯುಗದ್ದು.

ಆ ಕಾಲದಲ್ಲಿ ಭೂಮಾಲೀಕರು ಬಾಕಿಗಾಗಿ ಒಕ್ಕಲಿನವರ ದನಕರು, ಸಾಮಾನುಗಳನ್ನು ತಾವೇ ಹಿಡಿದೊಯ್ಯುತ್ತಿದ್ದರು. 1267ರ ಮಾರ್ಲ್‌ಬರೋ ಶಾಸನ ಇದಕ್ಕೆ ಕಡಿವಾಣ ಹಾಕಿತು. ಬಾಕಿಗೆ ಮೀರಿ ಜಪ್ತಿ ಮಾಡಬಾರದು, ರಾಜನ ಅಧಿಕಾರಿಗಳ ಹೊರತು ಯಾರೂ ರಾಜಮಾರ್ಗದಲ್ಲಿ ಏನನ್ನೂ ಹಿಡಿಯಬಾರದು ಎಂದು ಅದು ವಿಧಿಸಿತು. 1604ರ ಸೆಮೇನ್ ಪ್ರಕರಣದ ತೀರ್ಪು ಹೊಸ್ತಿಲಿನ ನಿಯಮವನ್ನು ಗಟ್ಟಿಗೊಳಿಸಿತು: ಖಾಸಗಿ ಸಾಲಕ್ಕಾಗಿ ಹೊರಬಾಗಿಲು ಮುರಿಯುವಂತಿಲ್ಲ, ಬಾಗಿಲು ತೆರೆದಿದ್ದರೆ ಒಳಗೆ ಹೋಗಬಹುದು.

ಇನ್ನು ತೆರಿಗೆಯ ವಿಷಯ. 1601ರ ಬಡವರ ಕಾಯ್ದೆಯ ಕಾಲದಿಂದ ನಡೆದುಬಂದ ಸ್ಥಳೀಯ ತೆರಿಗೆಯನ್ನು ಮನೆಗಳ ಮಟ್ಟಿಗೆ ಕೈಬಿಟ್ಟು, 1990ರಲ್ಲಿ ಮಾರ್ಗರೆಟ್ ಥ್ಯಾಚರ್ ಸರ್ಕಾರ ತಲೆಗಂದಾಯ ತಂದಿತು. ಸ್ಕಾಟ್ಲೆಂಡಿನಲ್ಲಿ ಅದು ಒಂದು ವರ್ಷ ಮೊದಲೇ ಜಾರಿಯಾಗಿತ್ತು. ಬಂಗಲೆಯವರಿಗೂ ಬಾಡಿಗೆ ಕೋಣೆಯವರಿಗೂ ಹೆಚ್ಚುಕಡಿಮೆ ಒಂದೇ ಮೊತ್ತ. ಲಕ್ಷಾಂತರ ಜನ ಕಟ್ಟಲೇ ಇಲ್ಲ. ಸ್ಕಾಟ್ಲೆಂಡಿನಲ್ಲಿ ನೆರೆಹೊರೆಯವರು ಒಟ್ಟಾಗಿ ನಿಂತು ಜಪ್ತಿ ಹರಾಜುಗಳನ್ನು ತಡೆದರು. 1992ರ ಕಾಯ್ದೆಯ ಮೂಲಕ ತಲೆಗಂದಾಯದ ಜಾಗಕ್ಕೆ ಕೌನ್ಸಿಲ್ ತೆರಿಗೆ ಬಂತು. 1991ರ ಏಪ್ರಿಲ್‌ನ ಬೆಲೆಯನ್ನು ಆಧರಿಸಿ ಮನೆಗಳನ್ನು ಎಂಟು ವರ್ಗಗಳಾಗಿ ವಿಂಗಡಿಸಲಾಯಿತು.

ಕಂತು ತಪ್ಪಿದರೆ ಮೊದಲು ನೆನಪೋಲೆ ಬರುತ್ತದೆ. ಏಳು ದಿನದೊಳಗೆ ಕಟ್ಟದಿದ್ದರೆ ಕಂತಿನ ಸೌಲಭ್ಯ ಹೋಗಿ ವರ್ಷದ ಪೂರ್ತಿ ಬಾಕಿಯನ್ನು ಒಟ್ಟಿಗೆ ಕಟ್ಟಬೇಕಾಗುತ್ತದೆ; ಆಮೇಲೆ, ಬಾಕಿ ಕಟ್ಟಬೇಕಾದದ್ದೇ ಎಂದು ಖಚಿತಪಡಿಸುವ ಮ್ಯಾಜಿಸ್ಟ್ರೇಟ್ ನ್ಯಾಯಾಲಯದ ಹೊಣೆಗಾರಿಕೆ ಆದೇಶ. ಆದೇಶ ಕೈಗೆ ಬಂದ ಮೇಲೆ ಕೌನ್ಸಿಲ್ ಸಂಬಳದಿಂದ ಹಣ ಮುರಿದುಕೊಳ್ಳಬಹುದು, ಇಲ್ಲವೇ ಸಾಮಾನು ಜಪ್ತಿ ಮಾಡುವ ಬೇಲಿಫರನ್ನು ಕಳಿಸಬಹುದು. ನಮ್ಮ ಕೋರ್ಟಿನ ಅಮೀನರು ನ್ಯಾಯಾಲಯದ ನೌಕರರು. ಅಲ್ಲಿ ಈ ಕೆಲಸಕ್ಕೆ ಬರುವವರು ಬಹುಪಾಲು ಖಾಸಗಿ ಕಂಪನಿಯವರು.

ಜಪ್ತಿಯ ಕುರಿತು 2007ರ ಕಾಯ್ದೆಯಲ್ಲಿದ್ದ ಹೊಸ ವಿಧಿಗಳು 2014ರ ಏಪ್ರಿಲ್ 6ರಂದು ಜಾರಿಗೆ ಬಂದವು. ಬೇಲಿಫರ ಅಧಿಕೃತ ಹೆಸರು 'ಜಾರಿ ಏಜೆಂಟ್' ಎಂದಾಯಿತು. ಏಳು ದಿನ ಮುಂಚೆ ನೋಟಿಸ್ ಕೊಡಬೇಕು. ಸಾಮಾನ್ಯವಾಗಿ ಬೆಳಗ್ಗೆ ಆರರಿಂದ ರಾತ್ರಿ ಒಂಬತ್ತರೊಳಗೇ ಬರಬೇಕು. ಮನೆಯಲ್ಲಿ 16 ವರ್ಷದೊಳಗಿನ ಮಕ್ಕಳಷ್ಟೇ ಇದ್ದರೆ ಒಳಹೋಗಬಾರದು. ಕೌನ್ಸಿಲ್ ತೆರಿಗೆಗಾಗಿ ಮೊದಲ ಭೇಟಿಯಲ್ಲಿ ಬಾಗಿಲು ಮುರಿಯುವಂತಿಲ್ಲ, ಕಿಟಕಿಯಿಂದ ನುಗ್ಗುವಂತಿಲ್ಲ, ಬಾಗಿಲಲ್ಲಿ ನಿಂತವರನ್ನು ತಳ್ಳುವಂತಿಲ್ಲ. ಆದರೆ ಒಮ್ಮೆ ಒಳಗೆ ಬಿಟ್ಟು, ಸಾಮಾನಿನ ಪಟ್ಟಿಗೆ ಸಹಿ ಹಾಕಿ, ಒಪ್ಪಿದ ಕಂತು ಕಟ್ಟದೆ ಹೋದರೆ ಮುಂದಿನ ಸಲ ಬಲವಂತವಾಗಿ ಒಳಬರಲು ದಾರಿಯಾಗುತ್ತದೆ. ಎಷ್ಟೋ ಕುಟುಂಬಗಳು ಎಡವುವುದು ಇದು ತಿಳಿಯದೆ. ಒಲೆ, ಫ್ರಿಜ್, ಹಾಸಿಗೆ, 1,350 ಪೌಂಡ್‌ವರೆಗಿನ ಕಸುಬಿನ ಸಲಕರಣೆಗಳಿಗೆ ವಿನಾಯಿತಿಯಿದೆ. ಭಾರತದ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಅಡುಗೆ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಉಪಕರಣಗಳನ್ನು ಜಪ್ತಿಯಿಂದ ಹೊರಗಿಟ್ಟಿರುವುದೂ ಇದೇ ಕಾಳಜಿಯಿಂದ. ಬೀದಿಯಲ್ಲಿ ನಿಲ್ಲಿಸಿದ ಕಾರಿಗೆ ಮಾತ್ರ 1267ರ ರಕ್ಷಣೆ ಉಳಿದಿಲ್ಲ. ಬೇಲಿಫರು ಮೊದಲು ಬೀಗ ಹಾಕುವುದು ಅದರ ಚಕ್ರಕ್ಕೇ.

2014ರ ದರದಲ್ಲಿ ಪ್ರಕರಣ ಬೇಲಿಫರ ಕೈಸೇರಿದೊಡನೆ 75 ಪೌಂಡ್, ಮನೆಗೆ ಬಂದರೆ ಇನ್ನೂ 235 ಪೌಂಡ್ ಶುಲ್ಕ ಬಾಕಿದಾರರ ತಲೆಗೆ ಬೀಳುತ್ತಿತ್ತು. ಇನ್ನೂರು ಪೌಂಡಿನ ಬಾಕಿ ಹೀಗೆ ಐನೂರು ದಾಟುತ್ತಿತ್ತು. ಕಟ್ಟಲಾಗದೆ ಸೋತವರ ಮೇಲೆಯೇ ಈ ಹೊರೆ ಹೇರುವುದು ವ್ಯವಸ್ಥೆಯ ದೊಡ್ಡ ಅನ್ಯಾಯ. ಅದಕ್ಕೂ ಮೊದಲೇ, 2013ರಲ್ಲಿ, ಬಡವರಿಗಿದ್ದ ರಾಷ್ಟ್ರವ್ಯಾಪಿ ಕೌನ್ಸಿಲ್ ತೆರಿಗೆ ನೆರವು ರದ್ದಾಗಿ, ಅದುವರೆಗೆ ಏನೂ ಕಟ್ಟಬೇಕಿರದ ಅನೇಕ ಬಡವರಿಗೂ ಬಿಲ್ಲು ಬರತೊಡಗಿತ್ತು.

ಬೇಲಿಫರ ನಡವಳಿಕೆಯ ಮೇಲೆ ನಿಗಾ ಇಡಲು 2022ರಲ್ಲಿ ಸ್ವತಂತ್ರ ಮಂಡಳಿಯೊಂದು ಸ್ಥಾಪನೆಯಾಯಿತು. ಬೇಕೆಂದೇ ಕಟ್ಟದವರನ್ನು ಮೂರು ತಿಂಗಳವರೆಗೆ ಜೈಲಿಗೆ ಕಳಿಸುವ ಅಧಿಕಾರವನ್ನು ವೇಲ್ಸ್ 2019ರಲ್ಲಿ ತೆಗೆದುಹಾಕಿತು. ಆಗ ಇಂಗ್ಲೆಂಡ್ ಅದನ್ನು ಉಳಿಸಿಕೊಂಡಿತು.